ನ್ಯಾಯಾಧೀಶರು ಏನು ತಿಂದರು?

೨ ಮಾರ್ಚ್ ೨೦೦೩, ಭಾನುವಾರ

ಅಂತೂ ಇಂತೂ ನಮ್ಮ ಡರ್ವೆಂಟ್ ಕನ್ನಡ ಕೂಟಕ್ಕೆ ಒಬ್ಬ ನ್ಯಾಯಾಧೀಶ ಬೇಕು ಅಂತ ಇವತ್ತಿನ ಮಹಾಸಭೆಯಲ್ಲಿ ತೀರ್ಮಾನ ಆಯ್ತು. ಆಗಲೇಬೇಕಿತ್ತು. ಹೋದ ರಾಜ್ಯೋತ್ಸವದ ನಾಟಕದಲ್ಲಿ ರಾಜನ ಪಾತ್ರ ಯಾರಿಗೆ ಅನ್ನೋ ಜಗಳ ಇನ್ನೂ ಆರಿಲ್ಲ. ಕೂಟದ ದೊಡ್ಡ ಕುಕ್ಕರ್ ಯಾರ ಗ್ಯಾರೇಜಿನಲ್ಲಿದೆ ಅಂತ ಮೂರು ಮನೆಯವರು ಮಾತು ಬಿಟ್ಟಿದ್ದಾರೆ. ಬ್ರಿಟನ್ನಿನ ಡರ್ಬಿಯಂಥ ಊರಲ್ಲಿ ಇರೋ ನಲವತ್ತು ಕನ್ನಡದ ಮನೆಗಳೂ ಹೀಗೆ ಮುಖ ತಿರುಗಿಸಿಕೊಂಡರೆ, ಸಾರಿನ ಪುಡಿ ಮುಗಿದಾಗ ಯಾರ ಮನೆ ಬಾಗಿಲು ತಟ್ಟೋದು?

ನ್ಯಾಯಾಧೀಶನ ಅರ್ಹತೆ ಏನಿರಬೇಕು ಅಂತ ಚರ್ಚೆ ಎದ್ದಿತು. ಅಬ್ಬಬ್ಬಾ! ಕಾರು ಜೋರಾಗಿ ಓಡಿಸಿದ್ದಕ್ಕೆ ಲೈಸೆನ್ಸಿನ ಮೇಲೆ ಬೀಳೋ ಸ್ಪೀಡಿಂಗ್ ಪಾಯಿಂಟ್ ಇರಬಾರದು ಅಂದರು ಒಬ್ಬರು. ನಾಟಿಂಗ್‌ಹ್ಯಾಮ್ ರಸ್ತೆಯ ಕ್ಯಾಮೆರಾದ ದಯೆಯಿಂದ ಅರ್ಧ ಸಭೆ ಎದ್ದು ನಿಂತು ವಿರೋಧಿಸಿತು. ಸ್ವಂತ ಮನೆ ಇರಬೇಕು ಅಂದರೆ, ಮಾರ್ಟ್‌ಗೇಜ್ ಮುಗಿಯದ ಮನೆ ನಮ್ಮದೋ ಬ್ಯಾಂಕಿನದೋ ಅಂತ ಇನ್ನೊಬ್ಬರು. ಕನ್ನಡ ಓದಲು ಬರಬೇಕು ಅಂದಾಗ ಬೆಂಗಳೂರಿನ ಹುಡುಗರೆಲ್ಲ ಮೊಬೈಲ್ ನೋಡಿಕೊಂಡರು. ಕಾನೂನು ಗೊತ್ತಿರಬೇಕು ಅಂತ ಮಾತ್ರ ಒಬ್ಬರ ಬಾಯಲ್ಲೂ ಬರಲಿಲ್ಲ. ಜರಡಿ ಹಿಡಿದು ಹಿಡಿದು ಕೊನೆಗೆ ಉಳಿದ ಅರ್ಹತೆ ಒಂದೇ: ವರ್ಷದ ಚಂದಾ ಕಟ್ಟಿರಬೇಕು. ಚುನಾವಣೆ ಯುಗಾದಿ ಊಟದ ದಿನ, ಕೈ ಎತ್ತಿ. ಅವಧಿ ರಾಜ್ಯೋತ್ಸವದವರೆಗೆ.

ನಾನು ನಿಲ್ಲುತ್ತೇನೆ. ಇಪ್ಪತ್ತು ವರ್ಷದಿಂದ ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ ಬ್ಲೇಡ್ ತಪಾಸಣೆ ಮಾಡುತ್ತಿದ್ದೇನೆ. ಕೂದಲೆಳೆಯಷ್ಟು ಬಿರುಕು ಕಂಡರೂ ವಾಪಸ್. ಮ್ಯಾನೇಜರ್ ಬರಲಿ, ಅವನಪ್ಪ ಬರಲಿ, ನನಗೆ ಯಾರ ಮುಲಾಜೂ ಇಲ್ಲ. ಮೇಲಾಗಿ ಹೆಸರು ಹರಿಶ್ಚಂದ್ರ.

ಇನ್ನೊಂದು ವಿಷಯವೂ ಇದೆ. ಲೈಬ್ರರಿಯಿಂದ ಮ್ಯಾಜಿಸ್ಟ್ರೇಟ್ ಆಗೋ ಅರ್ಜಿ ತಂದಿಟ್ಟಿದ್ದೇನೆ. ಈ ದೇಶದಲ್ಲಿ ಆ ಕುರ್ಚಿಗೆ ಕಾನೂನು ಪದವಿ ಬೇಡ, ಸಂಬಳವೂ ಇಲ್ಲ. ಆರು ಗುಣ ಸಾಕು: ಒಳ್ಳೆಯ ನಡತೆ, ಅರ್ಥ ಮಾಡಿಕೊಳ್ಳೋ ಶಕ್ತಿ, ಸಮಾಜದ ಅರಿವು, ಪಕ್ವ ಸ್ವಭಾವ, ವಿವೇಚನೆ, ಬದ್ಧತೆ. ಆರೂ ನನ್ನಲ್ಲಿವೆ ಅಂತ ಹೆಂಡತಿ ಹೇಮಲತಾಗೆ ಓದಿ ಹೇಳಿದೆ. "ಪಾತ್ರೆ ತೊಳೆಯೋದು ಏಳನೇದು ಅಂತ ಸೇರಿಸಿದ್ರೆ ಆಗ ಗೊತ್ತಾಗ್ತಿತ್ತು" ಅಂದಳು. ಇವಳಿಗೆ ಎಲ್ಲದಕ್ಕೂ ಒಂದು ಕೊಂಕು.

ಒಂದೇ ಕೊರತೆ ಅಂದರೆ, ಇಲ್ಲಿ ಮ್ಯಾಜಿಸ್ಟ್ರೇಟರನ್ನ ಜನ ಆರಿಸೋದಿಲ್ಲ, ಒಂದು ಸಮಿತಿ ಸಂದರ್ಶನ ಮಾಡಿ ಆರಿಸುತ್ತೆ. ಜನ ಆರಿಸದವನಿಗೆ ಜನರ ಮನಸ್ಸು ಹೇಗೆ ತಿಳಿಯಬೇಕು? ಈ ವಿಷಯದಲ್ಲಿ ನಮ್ಮ ಕೂಟ ಬ್ರಿಟನ್ನಿಗಿಂತ ಒಂದು ಹೆಜ್ಜೆ ಮುಂದಿದೆ.

೧೬ ಮಾರ್ಚ್, ಭಾನುವಾರ

ಡಾಕ್ಟರ್ ಶಿವಪ್ಪನವರ ಮನೆಗೆ ಹೋಗಿದ್ದೆವು. ಆಸ್ಪತ್ರೆಯಲ್ಲಿ ದೊಡ್ಡ ಮೂಳೆ ಡಾಕ್ಟರು, ಧಾರವಾಡದ ಕಡೆಯವರು. ಕೂಟದಲ್ಲಿ ಅವರದು ಒಂದು ಕೈ ಎದ್ದರೆ ಹಿಂದೆ ಹದಿನೈದು ಕೈ ಏಳುತ್ತವೆ. ನನ್ನ ಎದುರಾಳಿ ಮೋಹನ, ಸಾಫ್ಟ್‌ವೇರ್ ಕಾಂಟ್ರಾಕ್ಟರ್.

"ಆ ಮೋಹನ ಇವತ್ತ ಡರ್ಬಿ, ನಾಳೆ ರೆಡಿಂಗ್. ಅಂಥಾವ್ರು ನ್ಯಾಯಾ ಹ್ಯಾಂಗ ಹೇಳ್ತಾರ್ರಿ? ನೀವು ನಮ್ಮ ಮನುಷ್ಯಾ, ಹರಿಶ್ಚಂದ್ರ ಅವರ. ನಮ್ಮ ಮಂದಿ ಕೈ ಎಲ್ಲಾ ನಿಮಗ" ಅಂದರು ಡಾಕ್ಟರು. ನಾನು ಕೇಳಿರಲೇ ಇಲ್ಲ! ದೊಡ್ಡ ಮನಸ್ಸು.

ಅವರ ಹೆಂಡತಿ ಮಹಾದೇವಿ ಅವರು ಮೊಸರನ್ನ ಬಡಿಸಿದರು. ಕೂಟದಲ್ಲಿ ಅವರ ಮೊಸರನ್ನ ಇಲ್ಲದೆ ಊಟ ಮುಗಿಯೋದಿಲ್ಲ. ಹೇಮಾ ಹೇಗೆ ಮಾಡ್ತೀರಿ ಅಂತ ಕೇಳಿದ್ದಕ್ಕೆ ಮೇಲಕ್ಕೆ ಕರೆದುಕೊಂಡು ಹೋಗಿ ಬಾಯ್ಲರ್ ಇರೋ ಕಪಾಟನ್ನೇ ತೆರೆದು ತೋರಿಸಿದರಂತೆ. ಒಗೆದ ಟವೆಲ್ಲುಗಳ ನಡುವೆ ಪಾತ್ರೆ. "ಈ ದೇಶದ ಥಂಡಿಗೆ ಮೊಸರ ಎಲ್ಲಿ ಹೆಪ್ಪಾಗ್ತದ್ರೀ? ಬಿಸಿ ಅನ್ನಕ್ಕ ಹಾಲು ಹಾಕಿ, ಒಂದ ಚಮಚ ಮೊಸರ ಕಲಿಸಿ, ರಾತ್ರಿ ಇಲ್ಲಿ ಬೆಚ್ಚಗ ಇಟ್ಟುಬಿಡ್ತೀನಿ. ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಹುಳಿ ಇಲ್ಲಾ ಏನಿಲ್ಲಾ, ಬೆಣ್ಣಿ ಹಂಗ." ಹೇಮಾ ಕಾರಿನಲ್ಲಿ "ಅನ್ನ ಅಷ್ಟು ಹೊತ್ತು ಬೆಚ್ಚಗಿಟ್ರೆ ಕೆಡಲ್ವಾ ರೀ?" ಅಂತ ಶುರು ಮಾಡಿದಳು. ಎಲ್ಲದರಲ್ಲೂ ಹುಳುಕು ಹುಡುಕಬೇಡ ಅಂತ ಗದರಿದೆ.

೨೫ ಮಾರ್ಚ್, ಮಂಗಳವಾರ

ದಾಕ್ಷಾಯಣಿಯ ಡಬ್ಬಿಯಲ್ಲಿ ಇವತ್ತು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಡಬ್ಬಿ ತೆಗೆದರೆ ಇಂಗ್ಲಿಷ್ ಗೆಳೆಯರೂ ಕತ್ತು ಉದ್ದ ಮಾಡುತ್ತಾರೆ. ಗದಗದ ಹೆಣ್ಣುಮಗಳು, ಇಲ್ಲಿಗೆ ಬಂದು ಮೂರು ವರ್ಷ ಆಗಿರಬೇಕು. ಗಂಡ ಮುರುಗೇಶನ ಕಾಂಟ್ರಾಕ್ಟ್ ಕ್ರಿಸ್‌ಮಸ್ಸಿಗೇ ಮುಗಿದಿದೆ. ಮನೆ ನಡೆಯುತ್ತಿರೋದೇ ಅವಳ ಡಬ್ಬಿಗಳ ಮೇಲೆ. ಯುಗಾದಿ ಊಟದ ಅಡುಗೆಯನ್ನ ಕೂಟ ಅವಳಿಗೇ ವಹಿಸಿದೆ. ಮೊಸರನ್ನ ಮಾತ್ರ ಮಹಾದೇವಿ ಅವರದು, ಅದು ಪದ್ಧತಿ.

೬ ಏಪ್ರಿಲ್, ಭಾನುವಾರ

ಗೆದ್ದೆ! ಮೋಹನನಿಗೆ ಬೆಂಗಳೂರಿನ ಹುಡುಗರ ಕೈ, ನನಗೆ ಉಳಿದ ಎಲ್ಲ. ಡಾಕ್ಟರು ಎರಡೂ ಕೈ ಎತ್ತಿದ್ದರು. ಒಂದೇ ಲೆಕ್ಕಕ್ಕೆ ಬಂತು, ಪಾಪ.

ಊಟ ಭರ್ಜರಿ ಅಂದರು ಎಲ್ಲರೂ. ನನಗೆ ಬೆಳಿಗ್ಗೆಯಿಂದ ಎದೆಯುರಿ, ಚುನಾವಣೆಯ ಗಡಿಬಿಡಿಗೆ ಗ್ಯಾಸ್ಟ್ರಿಕ್ಕು. ದಾಕ್ಷಾಯಣಿಯ ಎಣ್ಣೆಗಾಯಿ, ಹೋಳಿಗೆ, ಚಿತ್ರಾನ್ನ ಯಾವುದನ್ನೂ ಮುಟ್ಟಲಿಲ್ಲ. "ಅಣ್ಣಾರ, ಒಂದ ಹೋಳಿಗಿನರ ಹಾಕ್ಲೇನ್ರಿ?" ಅಂತ ಪಾಪ ಎರಡು ಸಲ ಬಂದಳು. ಬೇಡಮ್ಮ ಅಂದೆ. ಮಹಾದೇವಿ ಅವರ ಮೊಸರನ್ನ ಮಾತ್ರ ಮೂರು ಸಲ ಹಾಕಿಸಿಕೊಂಡೆ. ಹೊಟ್ಟೆಗೆ ತಂಪು, ಮತಕ್ಕೂ ತಂಪು.

ಈಗ ಯಾಕೋ ಹೊಟ್ಟೆ ತೊಳಸ್ತಾ ಇದೆ.

೭ ಏಪ್ರಿಲ್

ಬಾತ್‌ರೂಮ್.

೯ ಏಪ್ರಿಲ್, ಬುಧವಾರ

ಇವತ್ತು ಗಂಜಿ ಕುಡಿದು ಎದ್ದು ಕೂತಿದ್ದೇನೆ. ಅರ್ಧ ಕೂಟ ಮಲಗಿದೆಯಂತೆ. ಡಾಕ್ಟರ ಮನೆಯ ಕೆಲಸಕ್ಕೆ ಬಂದಿದ್ದ ಎಲೆಕ್ಟ್ರಿಷಿಯನ್ನಿಗೂ ಮಹಾದೇವಿ ಅವರು ಒಂದು ಬಟ್ಟಲು ಮೊಸರನ್ನ ಕೊಟ್ಟಿದ್ದರಂತೆ, ಅವನೂ ಎರಡು ದಿನದಿಂದ ಬಂದಿಲ್ಲ. ಹೇಮಾ ಎಣ್ಣೆಗಾಯಿಯನ್ನೂ ಹೋಳಿಗೆಯನ್ನೂ ಚೆನ್ನಾಗಿ ಬಾರಿಸಿ, ಮೊಸರನ್ನ ಮಾತ್ರ ಬಿಟ್ಟಿದ್ದಳು. ಅವಳು ಗುಂಡುಕಲ್ಲಿನ ಹಾಗಿದ್ದಾಳೆ.

"ಇನ್ನೂ ಸಂಶಯ ಇದೆಯಾ ನಿಮಗೆ?" ಅಂತ ಕೇಳಿದಳು. ನನಗೇನೂ ಸಂಶಯ ಇಲ್ಲ. ಬ್ಲೇಡಿನ ಬಿರುಕು ಕಣ್ಣಿಗೆ ಹೊಡೆದ ಹಾಗೆ ಕಾಣಿಸ್ತಾ ಇದೆ.

೧೩ ಏಪ್ರಿಲ್, ಭಾನುವಾರ

ಊರೆಲ್ಲ ದಾಕ್ಷಾಯಣಿಯ ಎಣ್ಣೆಗಾಯಿ ಅಂತಿದೆ. ಮೊದಲು ಯಾರು ಹೇಳಿದರೋ ಗೊತ್ತಿಲ್ಲ. ಮಹಾದೇವಿ ಅವರು ಮಾತ್ರ ಯಾರೂ ಕೇಳದೇ ಇದ್ದರೂ ಮನೆಮನೆಗೆ ಫೋನ್ ಮಾಡಿ "ನಮ್ಮ ಮೊಸರನ್ನ ಅಲ್ಲ ಬಿಡ್ರಿ" ಅಂತಿದ್ದಾರಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಅಂದಳು ಹೇಮಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋದು ಅಂದರೆ ಇದೇ ಅಂತ ನಾನೂ ಅಂದೆ. ನ್ಯಾಯಾಧೀಶ ಅಂತ ಒಬ್ಬ ಇರೋದೇ ಇದಕ್ಕೆ. ನೇರವಾಗಿ ಹೇಳಿಬಿಡುತ್ತೇನೆ.

೧೯ ಏಪ್ರಿಲ್, ಶನಿವಾರ

ದಾಕ್ಷಾಯಣಿ ಬಂದಿದ್ದಳು. ಟೀ ಕೂಡ ಕುಡಿಯಲಿಲ್ಲ. ಮೂವತ್ತು ಡಬ್ಬಿ ಇದ್ದದ್ದು ಈಗ ಆರಕ್ಕೆ ಇಳಿದಿದೆಯಂತೆ. ನಾಟಿಂಗ್‌ಹ್ಯಾಮಿನ ಹುಡುಗರಿಗೂ ಸುದ್ದಿ ಮುಟ್ಟಿದೆ. ಕೌನ್ಸಿಲ್‌ನಿಂದ ಆಹಾರ ತಪಾಸಣೆಗೆ ಬಂದವರು ಅವಳ ಅಡುಗೆಮನೆ ನೋಡಿ ಎಲ್ಲ ಸರಿ ಇದೆ ಅಂದಿದ್ದಾರೆ, ಆದರೆ ಕನ್ನಡದವರಿಗೆ ಕೌನ್ಸಿಲ್ ಮಾತು ಯಾರಿಗೆ ಬೇಕು?

"ಕೂಟದ ಮುಂದ ನೀವು ಒಂದ ಮಾತು ಹೇಳಿದ್ರ ಸಾಕ್ರಿ ಅಣ್ಣಾರ. ನೀವು ನನ್ನ ಅಡಿಗಿ ಮುಟ್ಟಿರಲಿಲ್ಲ, ಆದ್ರೂ ನಿಮಗ ಹೊಟ್ಟಿ ಕೆಟ್ಟಿತ್ತು. ಅಷ್ಟಽ. ಯಾರ ಹೆಸರೂ ಹೇಳೋದು ಬ್ಯಾಡ. ನನ್ನ ಹೆಸರು ಉಳೀತದ."

ಕಣ್ಣು ತುಂಬಿತ್ತು. ಖಂಡಿತ ಹೇಳ್ತೀನಮ್ಮ ಅಂದೆ. ವಿಚಾರಣೆ ಮೇ ಹನ್ನೊಂದಕ್ಕೆ.

೨೭ ಏಪ್ರಿಲ್, ಭಾನುವಾರ

ಡಾಕ್ಟರು ಪಾರ್ಕಿನಲ್ಲಿ ವಾಕಿಂಗಿಗೆ ಕರೆದರು. ಕೇಸಿನ ವಿಷಯ ಎತ್ತಲೇ ಇಲ್ಲ, ಅದು ಅವರ ಸಭ್ಯತೆ. "ನಮ್ಮ ಮನಿಯಾಕಿ ಮೂರು ದಿನಾ ಅತ್ತಾಳ್ರಿ. ಇಪ್ಪತ್ತು ವರ್ಷ ಕೂಟಕ್ಕ ಉಣಿಸಿದ ಕೈ" ಅಂದರು, ಅಷ್ಟೇ. ಆಮೇಲೆ ನನ್ನ ಮ್ಯಾಜಿಸ್ಟ್ರೇಟ್ ಅರ್ಜಿ ಎಲ್ಲಿಗೆ ಬಂತು ಅಂತ ವಿಚಾರಿಸಿದರು. ನನ್ನ ಪರವಾಗಿ ಶಿಫಾರಸು ಮಾಡೋ ಮೂವರು ಗಣ್ಯರ ಹೆಸರು ಕೊಡಬೇಕು ಅಂದೆ. "ನಾ ಇದ್ದೀನಲ್ರಿ! ನಮ್ಮ ಆಸ್ಪತ್ರಿ ಇನ್ನೊಬ್ಬ ಕನ್ಸಲ್ಟೆಂಟಿಗೂ ಹೇಳ್ತೀನಿ" ಅಂತ ಹೆಗಲ ಮೇಲೆ ಕೈ ಹಾಕಿದರು. ರಾಜ್ಯೋತ್ಸವಕ್ಕೆ ಮತ್ತೆ ಚುನಾವಣೆ ಇದೆ ಅನ್ನೋದನ್ನೂ ಜ್ಞಾಪಿಸಿದರು.

ಮನೆಗೆ ಬಂದು ಆರು ಗುಣ ಮತ್ತೆ ಓದಿದೆ. ಮೂರನೇದು ಸಮಾಜದ ಅರಿವು. ಇದನ್ನ ನಾನು ಮೊದಲು ಸರಿಯಾಗಿ ಓದಿರಲಿಲ್ಲ. ನ್ಯಾಯ ಅಂದರೆ ಬರೀ ಯಾರು ಏನು ತಿಂದರು ಅನ್ನೋದಲ್ಲ. ಇಪ್ಪತ್ತು ವರ್ಷದ ಸೇವೆಯನ್ನೂ ನೋಡಬೇಕಾಗುತ್ತೆ.

೫ ಮೇ, ಬ್ಯಾಂಕ್ ಹಾಲಿಡೇ

ಇವತ್ತು ಒಂದು ಮುಖ್ಯ ತತ್ವ ಹೊಳೆಯಿತು. ನ್ಯಾಯಾಧೀಶನಾದವನು ಸಾಕ್ಷಿಯಾಗಬಾರದು! ನಾನು ಏನು ತಿಂದೆ, ನನಗೆ ಏನಾಯ್ತು ಅನ್ನೋದು ಸಾಕ್ಷ್ಯ. ಅದನ್ನ ನಾನೇ ಹೇಳಿದರೆ ಪೀಠಕ್ಕೆ ಕಳಂಕ. ಊಟದ ಮೇಜಿನಲ್ಲಿ ಇದನ್ನ ವಿವರಿಸಿದೆ.

ಮಗಳು ಅಪೂರ್ವಾ ಎ-ಲೆವೆಲ್‌ನಲ್ಲಿ, ಅಂದರೆ ಇಲ್ಲಿನ ಪಿಯುಸಿಯಲ್ಲಿ, ಲಾ ತಗೊಂಡಿದ್ದಾಳೆ, ಅದರ ಜಂಬ. "ಸೋ ಸ್ಟೆಪ್ ಡೌನ್, ಡ್ಯಾಡ್" ಅಂದಳು, ತಟ್ಟೆಯಿಂದ ತಲೆ ಎತ್ತದೆ.

ಹೇಮಾ ಮಗಳ ಪಕ್ಷ. "ಸರಿಯಾಗೇ ಹೇಳ್ತಿದಾಳೆ. ಕುರ್ಚಿಯಿಂದ ಇಳಿದು ಸಾಕ್ಷಿ ಹೇಳಿ. ಮೋಹನ ಕೂತ್ಕೊಳ್ಳಲಿ ಅಲ್ಲಿ."

"ಜನ ಆರಿಸಿದ್ದು ನನ್ನನ್ನ ಕಣೇ, ಮೋಹನನನ್ನಲ್ಲ!"

"ಆರಿಸಿದ್ದು ಯಾಕೆ?"

ಇದೂ ಒಂದು ಪ್ರಶ್ನೆಯಾ? ಮನೆಯಲ್ಲಿ ಇಬ್ಬರು ಹೆಂಗಸರು ಒಂದಾದರೆ ಗಂಡಸಿನ ಪಕ್ವ ಸ್ವಭಾವಕ್ಕೆ ಪರೀಕ್ಷೆ. ಎದ್ದು ಹೋಗಿ ಹುಲ್ಲು ಕತ್ತರಿಸಿದೆ.

೧೧ ಮೇ, ಭಾನುವಾರ

ವಿಚಾರಣೆ ಮುಗಿಯಿತು. ದಣಿದಿದ್ದೇನೆ, ಆದರೆ ಮನಸ್ಸಿಗೆ ಸಮಾಧಾನ ಇದೆ.

ಹಾಲ್ ಎರಡು ಗಂಟೆಯಿಂದ ನಾಲ್ಕರವರೆಗೆ ಮಾತ್ರ. ನಾಲ್ಕಕ್ಕೆ ಮಕ್ಕಳ ಕರಾಟೆ. ಮೇಜು ಕುಟ್ಟೋದಕ್ಕೆ ಹೇಮಾಳ ಲಟ್ಟಣಿಗೆ ತಗೊಂಡು ಹೋಗಿದ್ದೆ. ಮೊದಲ ಒಂದು ಗಂಟೆ ಎಲ್ಲರೂ ತಮ್ಮ ತಮ್ಮ ಭೇದಿಯ ವಿವರ ಕೊಟ್ಟರು. ಸಾಕಪ್ಪಾ ಸಾಕು ಅನಿಸಿತು. ಎಣ್ಣೆಗಾಯಿ ಕಹಿ ಇತ್ತು ಅಂತ ಡಾಕ್ಟರ ಕಡೆಯ ಹದಿನೈದು ಜನರೂ ಒಂದೇ ಮಾತು ಹೇಳಿದರು. ಆ ದಿನ ಎರಡೆರಡು ಸಲ ಹಾಕಿಸಿಕೊಂಡಿದ್ದು ನಾನೇ ನೋಡಿದ್ದೆ, ಇರಲಿ.

ಮೋಹನ ಎದ್ದು ನಿಂತು, "ಮೊಸರನ್ನ ಹಿಂದಿನ ರಾತ್ರಿ ಎಲ್ಲಿ ಇಟ್ಟಿದ್ರಿ ಆಂಟಿ?" ಅಂತ ಕೇಳಿಯೇ ಬಿಟ್ಟ. ಮಹಾದೇವಿ ಅವರ ಮುಖ ಕೆಂಪಗಾಯ್ತು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು ನನ್ನ ಕಡೆ ನೋಡಿದರು. ಲಟ್ಟಣಿಗೆ ಕುಟ್ಟಿದೆ. ಹಿರಿಯ ಹೆಣ್ಣುಮಗಳಿಗೆ ಅಂಥ ಪ್ರಶ್ನೆ ಕೂಡದು, ಪ್ರಶ್ನೆ ಅಮಾನ್ಯ ಅಂದೆ. ಚಪ್ಪಾಳೆ ಬಿತ್ತು.

ಕೊನೆಗೆ ದಾಕ್ಷಾಯಣಿಯ ಸರದಿ. ಅವಳು ಏನೂ ವಾದ ಮಾಡಲಿಲ್ಲ. "ನನಗ ಹೇಳೋದು ಏನೂ ಇಲ್ರಿ. ಅಣ್ಣಾರ, ನೀವಽ ಹೇಳ್ರಿ" ಅಂತ ಅಂದು ನನ್ನನ್ನೇ ನೋಡುತ್ತಾ ನಿಂತಳು. ಹಿಂದಿನ ಸಾಲಿನಲ್ಲಿ ಹೇಮಾ. ಬಾಗಿಲಲ್ಲಿ ಬಿಳಿ ಅಂಗಿಯ ಕರಾಟೆ ಮಕ್ಕಳು ಇಣುಕುತ್ತಿದ್ದವು. ಒಂದು ಲೋಟ ನೀರು ಕುಡಿದೆ.

ತೀರ್ಪು ಹೇಳಿದೆ. ತಪ್ಪು ಯಾರದ್ದು ಅಂತ ಹೇಳಲು ಬರೋದಿಲ್ಲ. ಯಾರ ಮೇಲೂ ಆರೋಪ ಇಲ್ಲ. ಆದರೂ ಸದಸ್ಯರ ಆರೋಗ್ಯದ ದೃಷ್ಟಿಯಿಂದ ಮುಂದಿನ ಒಂದು ವರ್ಷ ಕೂಟದ ಊಟಕ್ಕೆ ಡಬ್ಬಿಯವರ ಅಡುಗೆ ಬೇಡ; ಹಿಂದಿನ ಪದ್ಧತಿಯಂತೆ ಮನೆಮನೆಯಿಂದ ತರೋಣ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾಗೆ ಹೇಳಿದ್ದೇನೆ ಅಂತ ಎಲ್ಲರೂ ಬಂದು ಕೈ ಕುಲುಕಿದರು. ಡಾಕ್ಟರು ಅಪ್ಪಿಕೊಂಡರು.

ದಾಕ್ಷಾಯಣಿ ಹಾಲಿನಿಂದ ಯಾವಾಗ ಹೋದಳೋ ಕಾಣಲಿಲ್ಲ. ಅವಳ ಮೇಲೆ ಆರೋಪ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದ್ದೆನಲ್ಲ, ಒಂದು ಥ್ಯಾಂಕ್ಸ್ ಹೇಳಬಹುದಿತ್ತು. ಮನೆಗೆ ಬಂದ ಮೇಲೆ ಹೇಮಾ ಲಟ್ಟಣಿಗೆ ಇಸಕೊಂಡು ಬಿಸಿನೀರಲ್ಲಿ ತುಂಬಾ ಹೊತ್ತು ತೊಳೆದಳು.

೨೦ ಮೇ, ಮಂಗಳವಾರ

ಡಬ್ಬಿ ಬಂದ್. ಉಳಿದ ಆರು ಜನರೂ ಬಿಟ್ಟರಂತೆ. ನಾನು ಬಿಟ್ಟಿದ್ದಲ್ಲ, ತೀರ್ಪು ಕೊಟ್ಟವನೇ ತಿಂದರೆ ಜನ ಏನಂದಾರು ಅಂತ ಸ್ವಲ್ಪ ದಿನ ಬೇಡ ಅಂದಿದ್ದೆ. ಕ್ಯಾಂಟೀನಿನ ಚೀಸ್ ಸ್ಯಾಂಡ್‌ವಿಚ್ ಬಾಯಿಗೆ ಅಂಟುತ್ತೆ.

೧೨ ಜುಲೈ, ಶನಿವಾರ

ದಾಕ್ಷಾಯಣಿಗೆ ಸಲಾಡ್ ಪ್ಯಾಕ್ ಮಾಡೋ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಸಿಕ್ಕಿದೆಯಂತೆ. ಒಳ್ಳೆಯದೇ ಆಯ್ತು, ಬ್ರಿಟನ್ನಿನಲ್ಲಿ ದುಡಿಯೋ ಕೈಗೆ ಕೆಲಸಕ್ಕೆ ಬರವಿಲ್ಲ. ಒಂದು ರೀತಿಯಲ್ಲಿ ತೀರ್ಪಿನಿಂದ ಅವಳಿಗೆ ಖಾಯಂ ಕೆಲಸ ಆಯ್ತು ಅಂತ ಮೊನ್ನೆ ಹೇಮಾಗೆ ಹೇಳಿದೆ. ಹೇಮಾ ಎರಡು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಮೆನೋಪಾಸ್ ಇರಬಹುದು, ಜಿಪಿ ಡಾಕ್ಟರ ಹತ್ತಿರ ಹೋಗು ಅಂದೆ. ಆಮೇಲೆ ಇವತ್ತು ಮಗಳೂ ಮಾತು ಬಿಟ್ಟಳು.

೧೮ ಸೆಪ್ಟೆಂಬರ್, ಗುರುವಾರ

ಮ್ಯಾಜಿಸ್ಟ್ರೇಟ್ ಸಂದರ್ಶನ. ಹೊಸ ಸೂಟು. ಮೂವರು ಇದ್ದರು. ನಡುವೆ ಕೂತಿದ್ದಾಕೆ ನಿವೃತ್ತ ಹೆಡ್ ಟೀಚರು ಅಂತೆ, ತಲೆಯೆಲ್ಲ ಬೆಳ್ಳಿ, ದನಿ ತುಂಬ ಮೆದು.

ಕಷ್ಟದ ತೀರ್ಮಾನ ಏನಾದರೂ ಮಾಡಿದ್ದೀರಾ ಅಂತ ಕೇಳಿದರು. ಇದಕ್ಕೇ ಕಾಯುತ್ತಿದ್ದೆ! ನಮ್ಮ ಕೂಟದ ಚುನಾವಣೆಯಿಂದ ಹಿಡಿದು ತೀರ್ಪಿನವರೆಗೆ ಎಲ್ಲ ಬಿಡಿಸಿ ಹೇಳಿದೆ. ಇಬ್ಬರು ಬರೆದುಕೊಂಡರು. ಆಕೆ ಬರೆಯಲಿಲ್ಲ, ಕೇಳಿಸಿಕೊಂಡರು. ಆ ಅಡುಗೆಯವರಿಗೆ ಆಮೇಲೆ ಏನಾಯ್ತು ಅಂತ ಕೇಳಿದರು. ಕಾರ್ಖಾನೆಯಲ್ಲಿ ಇದ್ದಾರೆ ಅಂದೆ. ಆಕೆ "ನೀವೂ ಆ ಊಟಕ್ಕೆ ಹೋಗಿದ್ರಲ್ಲ. ನೀವು ಏನು ತಿಂದಿರಿ?" ಅಂದರು.

ನಲವತ್ತು ಮನೆಯವರು ಸೇರಿದ್ದ ಹಾಲಿನಲ್ಲಿ ಈ ಪ್ರಶ್ನೆ ಒಬ್ಬರೂ ಕೇಳಿರಲಿಲ್ಲ. ಈ ಮುದುಕಿಗೆ ಯಾಕೆ ಬೇಕಿತ್ತು?

ನೆನಪಿಲ್ಲ ಅಂದೆ.

ಆಕೆ ತಲೆಯಾಡಿಸಿ, ಬಂದದ್ದಕ್ಕೆ ಥ್ಯಾಂಕ್ಸ್ ಅಂದರು. ಬೆನ್ನು ಪೂರ್ತಿ ಬೆವರಿತ್ತು. ಆ ಕೋಣೆಯಲ್ಲಿ ಹೀಟಿಂಗ್ ಜಾಸ್ತಿ ಇಟ್ಟಿದ್ದರು.

೧೬ ಅಕ್ಟೋಬರ್

ಆಯ್ಕೆ ಆಗಲಿಲ್ಲ. ಅದಕ್ಕೇ ಹೇಳೋದು, ಜನ ಆರಿಸಬೇಕು ಅಂತ. ನಾಲ್ಕು ಗೋಡೆ ಮಧ್ಯೆ ಮೂವರು ಕೂತು ಆರಿಸಿದರೆ ಹೀಗೇ ಆಗೋದು.

೨ ನವೆಂಬರ್, ಭಾನುವಾರ

ರಾಜ್ಯೋತ್ಸವ. ಅವಿರೋಧವಾಗಿ ಮರು ಆಯ್ಕೆಯಾದೆ. ಮೋಹನ ರೆಡಿಂಗಿಗೆ ಹೋಗಿದ್ದಾನೆ, ಡಾಕ್ಟರು ಹೇಳಿದ ಹಾಗೇ ಆಯ್ತು. ಶಾಲು ಹೊದಿಸಿ, ಸನ್ಮಾನ ಮಾಡಿ, ಊಟಕ್ಕೆ ಮೊದಲ ಸಾಲಿನಲ್ಲಿ ಕೂರಿಸಿದರು. ಬಲಕ್ಕೆ ಡಾಕ್ಟರು, ಎದುರಿಗೆ ಮಹಾದೇವಿ ಅವರು.

ಆಮೇಲೆ ಹೇಮಾ ಮಾಡಿದ್ದನ್ನ ಹೇಗೆ ಬರೆಯಲಿ? ಯಾಕೆ ಮಾಡಿದಳು ಅಂತ ನನಗೆ ಈಗಲೂ ಅರ್ಥವಾಗಿಲ್ಲ. ಸೆರಗು ಸಿಕ್ಕಿಸಿಕೊಂಡು, ಮೊಸರನ್ನದ ಪಾತ್ರೆಯನ್ನ ಮಹಾದೇವಿ ಅವರ ಕೈಯಿಂದ ಇಸಕೊಂಡು, ನೇರ ನನ್ನ ಹತ್ತಿರ ಬಂದಳು. ಪಾತ್ರೆಯ ತಳ ಇನ್ನೂ ಬೆಚ್ಚಗಿತ್ತು, ನನ್ನ ಕೈಗೆ ತಾಗಿತು. ತಟ್ಟೆಗೆ ಒಂದು ಸೌಟು ಹಾಕಿದಳು. ಸಾಕು ಅಂದೆ.

"ಯಾಕ್ರೀ? ತೀರ್ಪು ಕೊಟ್ಟವರು ನೀವೇ ಅಲ್ವಾ?" ಅಂತ ಎಲ್ಲರಿಗೂ ಕೇಳೋ ಹಾಗೆ ಅಂದು ಇನ್ನೊಂದು ಸೌಟು ಹಾಕಿದಳು. ಡಾಕ್ಟರು ನಕ್ಕರು. ಮಹಾದೇವಿ ಅವರೂ ನಕ್ಕರು, ಆದರೆ ಅವರ ತಟ್ಟೆಯಲ್ಲಿ ಮೊಸರನ್ನ ಇರಲಿಲ್ಲ. ಡಾಕ್ಟರ ತಟ್ಟೆಯಲ್ಲೂ ಇರಲಿಲ್ಲ. ಆ ಸಾಲಿನಲ್ಲಿ ಯಾರ ತಟ್ಟೆಯಲ್ಲೂ ಇರಲಿಲ್ಲ. ಹೇಮಾ ಮೂರನೇ ಸೌಟು ಹಾಕಿ, ಪಾತ್ರೆ ಕೆಳಗಿಟ್ಟು, ಅಲ್ಲೇ ನಿಂತಳು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತಿಂದೆ.